ಕೆಲಸಕ್ಕೆ ತಕ್ಕ ಟ್ಯಾಬ್

ಟ್ಯಾಬ್ಲೆಟ್ ಕಂಪ್ಯೂಟರ್, ಜನರ ಬಾಯಲ್ಲಿ ಟ್ಯಾಬ್, ಬೆರಳಿನಿಂದ ಮುಟ್ಟಿ ನಡೆಸುವ ಗಣಕಯಂತ್ರ. ಪರದೆ ಸಾಮಾನ್ಯವಾಗಿ ಎಂಟರಿಂದ ಹದಿಮೂರು ಇಂಚು. ಕೀಬೋರ್ಡು ಬೇಕೆಂದರೆ ಬೇರೆ ಜೋಡಿಸಿಕೊಳ್ಳಬೇಕು. ಓದುವುದು, ಪಾಠ ನೋಡುವುದು, ಪುಟದ ಮೇಲೆ ಗುರುತು ಹಾಕಿಕೊಳ್ಳುವುದು ಇದರಲ್ಲಿ ಮೊಬೈಲಿಗಿಂತ ಸಲೀಸು. ಉದ್ದನೆಯ ಬರಹ, ಲೆಕ್ಕಪತ್ರ, ಪುಟವಿನ್ಯಾಸ ಲ್ಯಾಪ್‌ಟಾಪಿನಲ್ಲೇ ಸಲೀಸು. ಟ್ಯಾಬ್ ಕೊಂಡ ಮೇಲೆ ಬರುವ ಬೇಸರಕ್ಕೆ ಎಷ್ಟೋ ಸಲ ಯಂತ್ರ ಕಾರಣವಲ್ಲ. ಯಾವ ಕೆಲಸಕ್ಕೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳದಿರುವುದು ಕಾರಣ.

ಗೋಕಾಕ ತಾಲ್ಲೂಕಿನ ಅಂಕಲಗಿಯಂಥ ಊರಿನ ಅಗತ್ಯಗಳು ಜಾಹೀರಾತಿನಲ್ಲಿ ಕಾಣುವ ಅಗತ್ಯಗಳಲ್ಲ. ಇಲ್ಲಿ ಟ್ಯಾಬ್ ಬೇಕಾಗುವುದು ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಓದುವ ಮಗಳಿಗೆ, ಪೊಲೀಸ್ ನೇಮಕಾತಿಗೋ ಕೆಎಎಸ್‌ಗೋ ಓದುತ್ತಿರುವ ಮಗನಿಗೆ, ಕಣ್ಣು ಮಂಜಾದ ಅಜ್ಜನಿಗೆ, ಕಬ್ಬಿನ ಹೊಲ ನೋಡಿಕೊಳ್ಳುವ ಯಜಮಾನನಿಗೆ. ಒಂದೇ ಟ್ಯಾಬ್ ಈ ನಾಲ್ವರ ಕೈಯಲ್ಲೂ ಓಡಾಡುವುದುಂಟು. ಓದುವುದು ಹೆಚ್ಚಾಗಿ ಕನ್ನಡ, ಗಡಿಯ ಕಡೆ ನಂಟಿದ್ದರೆ ಮರಾಠಿಯೂ ಸೇರುತ್ತದೆ. ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್ ಬೇಕೆಂದರೆ ಬೆಳಗಾವಿಯ ಬಸ್ಸು ಹತ್ತಬೇಕು. ಆಯ್ಕೆ ಶುರುವಾಗಬೇಕಾದದ್ದು ಈ ಸಂಗತಿಗಳಿಂದ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ಅಂಕಿಗಳ ಸರದಿ ಆಮೇಲೆ.

ಹಳ್ಳಿಯವರಿಗೆಂದು ಕೈಗಣಕ ಮಾಡುವ ಯೋಚನೆ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ವಿನಯ್ ದೇಶಪಾಂಡೆ ಅವರೊಡನೆ ಸೇರಿ ಸಿಂಪ್ಯೂಟರ್ ಎಂಬ ಯಂತ್ರವನ್ನು ರೂಪಿಸಿದರು. ಅದರ ಮಾದರಿ 2001ರಲ್ಲಿ ಹೊರಬಂತು. ಅಂಗೈಯಗಲದ ಪರದೆ, ಮುಟ್ಟಲು ಒಂದು ಕಡ್ಡಿ, ಒಳಗೆ ಲಿನಕ್ಸ್, ಜೊತೆಗೆ ಸ್ಮಾರ್ಟ್‌ಕಾರ್ಡ್ ಹಾಕುವ ಕಿಂಡಿ. ಊರಿಗೊಂದು ಯಂತ್ರವಿದ್ದರೂ ಪ್ರತಿಯೊಬ್ಬರೂ ತಮ್ಮ ಕಾರ್ಡು ಹಾಕಿ ತಮ್ಮ ಮಾಹಿತಿ ನೋಡಿಕೊಳ್ಳಲಿ ಎಂಬುದು ಆ ಕಿಂಡಿಯ ಹಿಂದಿನ ಆಲೋಚನೆ. ಓದಲು ಬಾರದವರಿಗಾಗಿ ಪರದೆಯ ಮೇಲಿನ ಬರಹವನ್ನು ಭಾರತೀಯ ಭಾಷೆಗಳಲ್ಲಿ ಗಟ್ಟಿಯಾಗಿ ಓದಿ ಹೇಳುವ ವ್ಯವಸ್ಥೆಯೂ ಇತ್ತು, ಕನ್ನಡವೂ ಅದರಲ್ಲಿತ್ತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ 'ಅಮಿಡಾ' ಎಂಬ ಸಿಂಪ್ಯೂಟರ್ ಮಾರುಕಟ್ಟೆಗೆ ಬಂದಿತು. ಅದು ಅಂದುಕೊಂಡಷ್ಟು ಮಾರಾಟವಾಗಲಿಲ್ಲ. ಅಷ್ಟರಲ್ಲಿ ಅಗ್ಗದ ಮೊಬೈಲುಗಳು ಹಳ್ಳಿಗಳನ್ನು ಹೊಗತೊಡಗಿದ್ದವು. ಆದರೂ ಬಳಸುವವರ ಭಾಷೆ, ಓದುವ ಶಕ್ತಿ, ಹಂಚಿಕೊಂಡು ಬಳಸುವ ರೂಢಿಯಿಂದ ಹೊರಟು ಯಂತ್ರಕ್ಕೆ ಬಂದ ಆ ವಿಜ್ಞಾನಿಗಳ ದಾರಿ ಇವತ್ತು ಟ್ಯಾಬ್ ಕೊಳ್ಳುವವರಿಗೂ ಸರಿಯಾದ ದಾರಿಯೇ.

ಆಪಲ್ ಕಂಪನಿಯ ಐಪ್ಯಾಡ್ 2010ರಲ್ಲಿ ಬಂದ ಮೇಲೆ ಟ್ಯಾಬ್ ಎಂಬುದು ಮನೆಬಳಕೆಯ ವಸ್ತುವಾಯಿತು. ಮರುವರ್ಷ, 2011ರ ಅಕ್ಟೋಬರ್ 5ರಂದು, ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗಾಗಿ 'ಆಕಾಶ್' ಟ್ಯಾಬ್ ಬಿಡುಗಡೆ ಮಾಡಿತು. ಏಳಿಂಚಿನ ಪರದೆ, 256 ಎಂಬಿ ರ‍್ಯಾಮ್, 366 ಮೆಗಾಹರ್ಟ್ಸ್ ಪ್ರೊಸೆಸರ್. ಬೆಲೆ ಕಡಿಮೆ ಮಾಡುವ ಹಟದಲ್ಲಿ ಅದಕ್ಕೆ ಒತ್ತಿದರಷ್ಟೇ ಸ್ಪಂದಿಸುವ ಹಳೆಯ ಬಗೆಯ ಪರದೆ ಹಾಕಲಾಗಿತ್ತು. ಒಂದು ಪುಟ ಸರಿಸಲು ಬೆರಳು ಊರಿ ಎಳೆಯಬೇಕಾದ ಯಂತ್ರದಲ್ಲಿ ಗಂಟೆಗಟ್ಟಲೆ ಓದುವುದು ಆಗದ ಮಾತು. 2012ರ ನವೆಂಬರ್‌ನಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ ಪರದೆ ಬದಲಾಯಿತು, ಪ್ರೊಸೆಸರ್ ಚುರುಕಾಯಿತು. ಕೋವಿಡ್ ಕಾಲದಲ್ಲಿ ಶಾಲೆ ಮುಚ್ಚಿ ಪಾಠವೆಲ್ಲ ಮೊಬೈಲಿಗೆ ಬಂದಾಗ ದೊಡ್ಡ ಪರದೆಯ ಬೆಲೆ ಎಲ್ಲರಿಗೂ ತಿಳಿಯಿತು. 2021ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಪದವಿ, ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಕೊಡುವ ಯೋಜನೆಗೆ ಚಾಲನೆ ನೀಡಿತು.

ಆಯ್ಕೆಯಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಪರದೆ. ಕನ್ನಡ ಓದುವವರ ವಿಷಯದಲ್ಲಂತೂ ಅರ್ಧ ತೀರ್ಮಾನ ಅಲ್ಲಿಯೇ ಆಗುತ್ತದೆ. ಪರದೆಯ ಅಳತೆಯನ್ನು ಮೂಲೆಯಿಂದ ಮೂಲೆಗೆ ಇಂಚಿನಲ್ಲಿ ಹೇಳುತ್ತಾರೆ. ಕನ್ನಡದ ಕಾದಂಬರಿ, ಕಥಾಸಂಕಲನಗಳು ಹೆಚ್ಚಾಗಿ ಅಚ್ಚಾಗುವುದು ಡೆಮಿ 1/8 ಆಕಾರದಲ್ಲಿ: ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಅದರ ಮೂಲೆಯಿಂದ ಮೂಲೆಗೆ ಅಳೆದರೆ ಹತ್ತು ಇಂಚಿಗೆ ಕೂದಲೆಳೆ ಹೆಚ್ಚು. ಹಾಗಾಗಿ ಹತ್ತರಿಂದ ಹನ್ನೊಂದು ಇಂಚಿನ ಟ್ಯಾಬಿನಲ್ಲಿ ಅಂಥ ಪುಸ್ತಕದ ಪಿಡಿಎಫ್ ಹೆಚ್ಚುಕಡಿಮೆ ಅಚ್ಚಿನ ಗಾತ್ರದಲ್ಲೇ ಕಾಣುತ್ತದೆ. ಶಾಲೆಯ ಪಠ್ಯಪುಸ್ತಕದ ಪುಟ ಇನ್ನೂ ದೊಡ್ಡದು. ಹನ್ನೊಂದು ಇಂಚಿನ ಪರದೆಯಲ್ಲಿ ತುಸು ಕುಗ್ಗಿದರೂ ಓದಲು ತೊಡಕಾಗದು. ಎಂಟೂವರೆ ಇಂಚಿನ ಟ್ಯಾಬಿನಲ್ಲಿ ಅದೇ ಪುಟವನ್ನು ಹಿಗ್ಗಿಸಿ ಆ ಕಡೆ ಈ ಕಡೆ ಸರಿಸುತ್ತ ಓದಬೇಕು. ಎ4 ಹಾಳೆಯ ಕರ್ಣ ಹದಿನಾಲ್ಕು ಇಂಚು ದಾಟುತ್ತದೆ. ಸರ್ಕಾರಿ ಸುತ್ತೋಲೆ, ಝೆರಾಕ್ಸ್ ನೋಟ್ಸುಗಳು ಹತ್ತಿಂಚಿನ ಪರದೆಯಲ್ಲಿ ಚಿಕ್ಕದಾಗಿ ಕಾಣಲು ಇದೇ ಕಾರಣ.

ಪರದೆಯ ಆಕಾರವೂ ಮುಖ್ಯ. ಬಹುತೇಕ ಆಂಡ್ರಾಯ್ಡ್ ಟ್ಯಾಬುಗಳ ಪರದೆ ಉದ್ದನೆಯದು, 16ಕ್ಕೆ 10ರ ಅನುಪಾತ. ಸಿನಿಮಾ, ವಿಡಿಯೊ ಪಾಠಕ್ಕೆ ಅದು ಹೊಂದುತ್ತದೆ. ಐಪ್ಯಾಡ್‌ನಂಥವು 4ಕ್ಕೆ 3ರ ಆಸುಪಾಸಿನಲ್ಲಿರುತ್ತವೆ; ಪುಸ್ತಕದ ಪುಟ ಅದರಲ್ಲಿ ಚೆನ್ನಾಗಿ ಕೂರುತ್ತದೆ. ಅಂಗಡಿಯಲ್ಲಿ ಎರಡನ್ನೂ ನಿಲ್ಲಿಸಿ ಒಂದೇ ಪುಟ ತೆರೆದರೆ ವ್ಯತ್ಯಾಸ ಎದ್ದು ಕಾಣುತ್ತದೆ.

ಇನ್ನು ಪಿಕ್ಸೆಲ್. ಪರದೆಯ ಚಿತ್ರ ಮೂಡುವುದು ಸಣ್ಣ ಸಣ್ಣ ಚುಕ್ಕೆಗಳಿಂದ. ಇಂಚಿಗೆ ಚುಕ್ಕೆಗಳು ಹೆಚ್ಚಿದ್ದಷ್ಟೂ ಅಕ್ಷರದ ಅಂಚು ನುಣುಪು. 1280×800 ಚುಕ್ಕೆಗಳ ಹತ್ತಿಂಚಿನ ಪರದೆಯಲ್ಲಿ ಇಂಚಿಗೆ ಸುಮಾರು 150 ಚುಕ್ಕೆ ಸಿಗುತ್ತವೆ, 1920×1200 ಇರುವ ಹನ್ನೊಂದಿಂಚಿನದರಲ್ಲಿ 200ಕ್ಕೂ ಹೆಚ್ಚು, ಐಪ್ಯಾಡ್‌ನಲ್ಲಿ 264. ಇಂಗ್ಲಿಷ್ ಅಕ್ಷರ ಸರಳ ಗೆರೆಗಳದ್ದು, 150ರಲ್ಲೂ ನಡೆದುಹೋಗುತ್ತದೆ. ಕನ್ನಡದ ಅಕ್ಷರ ಹಾಗಲ್ಲ. ದುಂಡನೆಯ ಸುರುಳಿ, ಮೇಲೆ ತಲೆಕಟ್ಟು, ಕೆಳಗೆ ಒತ್ತು, ಪಕ್ಕದಲ್ಲಿ ದೀರ್ಘ. 'ರಾಷ್ಟ್ರ'ದ ಕೆಳಗಿನ ಎರಡು ಒತ್ತುಗಳು, 'ಘ' ಮತ್ತು 'ಫ'ಗಳ ಹೊಟ್ಟೆ ಸೀಳುವ ಸಣ್ಣ ಗೀಟು, 'ಪ' 'ಷ' 'ವ'ಗಳ ನಡುವಿನ ಚಿಕ್ಕ ವ್ಯತ್ಯಾಸ: ಚುಕ್ಕೆಗಳು ಸಾಲದ ಪರದೆಯಲ್ಲಿ ಮೊದಲು ಅಳಿಸಿಹೋಗುವುದು ಇವೇ. ಎಳೆಯ ಮಗು ಓದಲು ಕಲಿಯುತ್ತಿದ್ದರೆ ಅಥವಾ ವಯಸ್ಸಾದವರು ಓದುವವರಾಗಿದ್ದರೆ ಇದು ಸಣ್ಣ ವಿಷಯವಲ್ಲ. ಕನ್ನಡ ಓದಲೆಂದೇ ಕೊಳ್ಳುವ ಟ್ಯಾಬಿನಲ್ಲಿ ಇಂಚಿಗೆ 200 ಚುಕ್ಕೆಗಳಿಗಿಂತ ಕಡಿಮೆ ಇರುವುದನ್ನು ಬಿಡುವುದೇ ಒಳ್ಳೆಯದು. ರ‍್ಯಾಮ್ ಅಥವಾ ಕ್ಯಾಮೆರಾಕ್ಕೆ ಹಾಕುವ ಹೆಚ್ಚಿನ ಹಣವನ್ನು ಮೊದಲು ಇಲ್ಲಿ ಹಾಕಬೇಕು.

ಹೊಳಪನ್ನು 'ನಿಟ್ಸ್' ಎಂಬ ಮಾನದಲ್ಲಿ ಹೇಳುತ್ತಾರೆ. 300ರಿಂದ 400 ನಿಟ್ಸ್ ಮನೆಯೊಳಗೆ, ಪಡಸಾಲೆಯಲ್ಲಿ ಸಾಕು. ಏಪ್ರಿಲ್ ಬಿಸಿಲಿನಲ್ಲಿ ಬದುವಿನ ಮೇಲೆ ನಿಂತು ನೋಡಿದರೆ ಅಗ್ಗದ ಟ್ಯಾಬ್‌ಗಳ ಪರದೆಯಲ್ಲಿ ನೋಡುವವರ ಮುಖವೇ ಕಾಣುತ್ತದೆ. ಹೊಲದ ಕೆಲಸವೇ ಮುಖ್ಯವೆಂದಾದರೆ ಟ್ಯಾಬಿಗಿಂತ ಒಳ್ಳೆಯ ಹೊಳಪಿನ ಮೊಬೈಲೇ ಲೇಸು. ಬರೀ ಪುಸ್ತಕ ಓದುವವರಿಗೆ ಇ-ಇಂಕ್ ಪರದೆಯ ಓದುಗಯಂತ್ರಗಳು ಬೇರೆಯೇ ಇವೆ. ಬಿಸಿಲಲ್ಲೂ ಕಾಗದದಂತೆ ಕಾಣುತ್ತವೆ, ಕಣ್ಣಿಗೆ ಹಿತ. ಆದರೆ ಅವುಗಳಲ್ಲಿ ವಿಡಿಯೊ ಪಾಠ ನೋಡಲಾಗದು.

ಕನ್ನಡ ಓದುವುದು ಒಂದಾದರೆ ಬರೆಯುವುದು ಇನ್ನೊಂದು. ಆಂಡ್ರಾಯ್ಡ್‌ಗೆ ಕನ್ನಡ ಅಕ್ಷರಗಳ ಬೆಂಬಲ ಬಂದದ್ದು 2012ರ 4.1 ಆವೃತ್ತಿಯಲ್ಲಿ, ಐಪ್ಯಾಡ್‌ಗೆ ಕನ್ನಡ ಕೀಬೋರ್ಡು ಸಿಕ್ಕಿದ್ದು 2017ರಲ್ಲಿ. ಈಗ ಎರಡರಲ್ಲೂ ಕನ್ನಡ, ಮರಾಠಿ, ಇಂಗ್ಲಿಷ್ ಕೀಬೋರ್ಡುಗಳನ್ನು ಒಟ್ಟಿಗೆ ಇಟ್ಟುಕೊಂಡು ಒಂದೇ ಒತ್ತಿಗೆ ಬದಲಿಸಬಹುದು. ಮಾತಾಡಿದ್ದನ್ನು ಕನ್ನಡದಲ್ಲಿ ಬರೆದುಕೊಳ್ಳುವ ಸೌಲಭ್ಯವನ್ನು ಗೂಗಲ್ 2017ರಲ್ಲಿ ಕೊಟ್ಟಿತು. ಟೈಪಿಂಗ್ ಬಾರದ ಹಿರಿಯರಿಗೆ ಇದು ದೊಡ್ಡ ಉಪಕಾರ, ಬೆಳಗಾವಿ ಸೀಮೆಯ ಆಡುಮಾತನ್ನು ಮಾತ್ರ ತುಸು ನಿಧಾನವಾಗಿ ಬಿಡಿಸಿ ಹೇಳಬೇಕಾಗುತ್ತದೆ.

ತೊಡಕು ಬರುವುದು 'ನುಡಿ'ಯ ಹಳೆಯ ಕಡತಗಳಲ್ಲಿ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶ ಸರ್ಕಾರಿ ಕಚೇರಿಗಳಲ್ಲಿ, ಶಾಲೆಗಳಲ್ಲಿ, ಮುದ್ರಣಾಲಯಗಳಲ್ಲಿ ಬೇರೂರಿದೆ. ಅದು ವಿಂಡೋಸ್ ಗಣಕಗಳಿಗಾಗಿ ಆದದ್ದು. ಯುನಿಕೋಡ್ ಬಳಸದೆ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆಯೋ ಆಹ್ವಾನ ಪತ್ರಿಕೆಯೋ ವರ್ಡ್ ಕಡತವಾಗಿ ಟ್ಯಾಬಿಗೆ ಬಂದರೆ ಅರ್ಥವಾಗದ ಚಿಹ್ನೆಗಳ ಸಾಲು ಕಾಣುತ್ತದೆ. ಕಳಿಸುವವರೇ ಪಿಡಿಎಫ್ ಮಾಡಿ ಕಳಿಸಿದರೆ ಓದಬಹುದು, ತಿದ್ದಲಾಗದು. ಶಿಕ್ಷಕರು, ಪಂಚಾಯಿತಿ ಸಿಬ್ಬಂದಿ, ಡಿಟಿಪಿ ಮಾಡುವವರು ಇಂಥ ಕಡತಗಳನ್ನು ದಿನವೂ ತಿದ್ದಬೇಕಾಗುತ್ತದೆ. ಅವರಿಗೆ ಆಂಡ್ರಾಯ್ಡ್ ಟ್ಯಾಬಾಗಲಿ ಐಪ್ಯಾಡ್ ಆಗಲಿ ಕೆಲಸಕ್ಕೆ ಬಾರದು. ಕೀಬೋರ್ಡು ಕಳಚಿ ಜೋಡಿಸುವ ವಿಂಡೋಸ್ ಟ್ಯಾಬ್ ಬೇಕು, ಅಥವಾ ಅದಕ್ಕಿಂತ ಕಡಿಮೆ ಹಣದಲ್ಲಿ ಸಿಗುವ ಸಾಧಾರಣ ಲ್ಯಾಪ್‌ಟಾಪ್ ಸಾಕು. ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಅಂಗಡಿಯವರಿಗೂ ಇದೇ ಮಾತು.

ಆಂಡ್ರಾಯ್ಡೋ ಐಪ್ಯಾಡೋ ಎಂಬ ಪ್ರಶ್ನೆಗೆ ಬೆಲೆಯೇ ಅರ್ಧ ಉತ್ತರ ಕೊಡುತ್ತದೆ. 2025ರಲ್ಲಿ ಬಂದ ಐಪ್ಯಾಡ್‌ನ ಮೂಲ ಮಾದರಿಯ ಬೆಲೆ ಭಾರತದಲ್ಲಿ 34,900 ರೂಪಾಯಿಯಿಂದ ಆರಂಭವಾಗಿತ್ತು. ಆಂಡ್ರಾಯ್ಡ್ ಟ್ಯಾಬುಗಳು ಹತ್ತು ಸಾವಿರದ ಆಸುಪಾಸಿನಿಂದಲೇ ಸಿಗುತ್ತವೆ. ಆದರೆ ಕೊಂಡ ದಿನದ ಬೆಲೆಯನ್ನಷ್ಟೇ ನೋಡಿದರೆ ಲೆಕ್ಕ ತಪ್ಪುತ್ತದೆ. ಯಂತ್ರ ಎಷ್ಟು ವರ್ಷ ಕೆಲಸಕ್ಕೆ ಬರುತ್ತದೆ ಎಂಬುದನ್ನು ನಿರ್ಧರಿಸುವುದು ಕಂಪನಿ ಕಳಿಸುವ ತಂತ್ರಾಂಶದ ಪರಿಷ್ಕರಣೆ, ಅಂದರೆ ಅಪ್‌ಡೇಟ್. ಅದು ನಿಂತ ಮೇಲೆ ಯಂತ್ರ ಚೆನ್ನಾಗಿಯೇ ಓಡುತ್ತಿದ್ದರೂ ಬ್ಯಾಂಕಿನ ಆಪ್‌ಗಳು, ಆಮೇಲೆ ಪಾಠದ ಆಪ್‌ಗಳು ಒಂದೊಂದಾಗಿ ಕೈಕೊಡುತ್ತವೆ. ಕಳ್ಳ ತಂತ್ರಾಂಶಗಳಿಗೆ ಬಾಗಿಲು ತೆರೆಯುತ್ತದೆ. ಐಪ್ಯಾಡ್‌ಗಳಿಗೆ ಬಹಳ ವರ್ಷ ಅಪ್‌ಡೇಟ್ ಬರುತ್ತದೆ. ಹೆಸರಾಂತ ಆಂಡ್ರಾಯ್ಡ್ ಕಂಪನಿಗಳು ಮಾದರಿಗೆ ತಕ್ಕಂತೆ ಇಂತಿಷ್ಟು ವರ್ಷ ಎಂದು ಮೊದಲೇ ಹೇಳುತ್ತವೆ. ಹೆಸರೇ ಕೇಳದ ಕಂಪನಿಯ ಅಗ್ಗದ ಟ್ಯಾಬಿಗೆ ಒಂದು ಅಪ್‌ಡೇಟೂ ಬಾರದೆ ಹೋಗಬಹುದು. ಅಂಗಡಿಯಲ್ಲೇ ಇದನ್ನು ಪರೀಕ್ಷಿಸುವ ದಾರಿಯಿದೆ: ಸೆಟ್ಟಿಂಗ್ಸ್‌ನಲ್ಲಿ 'ಅಬೌಟ್ ಟ್ಯಾಬ್ಲೆಟ್' ತೆರೆದು ಆಂಡ್ರಾಯ್ಡ್ ಆವೃತ್ತಿಯ ಕೆಳಗಿನ 'ಸೆಕ್ಯುರಿಟಿ ಅಪ್‌ಡೇಟ್' ದಿನಾಂಕ ನೋಡಬೇಕು. ಅಂತರ್ಜಾಲಕ್ಕೆ ಜೋಡಿಸಿ ಅಪ್‌ಡೇಟ್ ಹುಡುಕಿದ ಮೇಲೂ ಅದು ವರ್ಷ ಎರಡು ವರ್ಷ ಹಿಂದಿನದೇ ಆಗಿದ್ದರೆ ಆ ಟ್ಯಾಬ್ ಬೇಡ.

ಡಬ್ಬಿಯ ಮೇಲೆ ಅತಿ ದೊಡ್ಡದಾಗಿ ಬರೆಯುವ ರ‍್ಯಾಮ್ ಎಂದರೆ ಏಕಕಾಲಕ್ಕೆ ನಡೆಯುವ ಕೆಲಸಗಳನ್ನು ಹಿಡಿದಿಡುವ ತಾತ್ಕಾಲಿಕ ನೆನಪು. ಪಾಠ ನೋಡುವುದು, ಪಿಡಿಎಫ್ ಓದುವುದಕ್ಕೆ 4 ಜಿಬಿ ನಡೆಯುತ್ತದೆ. ನಾಲ್ಕೈದು ವರ್ಷ ಬಳಸುವ ಇರಾದೆಯಿದ್ದರೆ 6 ಜಿಬಿ ಬೇಕು. '8 ಜಿಬಿ' ಎಂದು ಬರೆದು ಕೆಳಗೆ ಸಣ್ಣಕ್ಷರದಲ್ಲಿ '4+4' ಎಂದಿದ್ದರೆ ನಿಜವಾದ ರ‍್ಯಾಮ್ 4 ಮಾತ್ರ. ಉಳಿದ ನಾಲ್ಕು ಸ್ಟೋರೇಜಿನಿಂದ ಎರವಲು ಪಡೆದ ಜಾಗ, ಅದರ ವೇಗ ರ‍್ಯಾಮಿನ ಹತ್ತಿರಕ್ಕೂ ಬಾರದು.

ಸ್ಟೋರೇಜ್ ಬೇರೆ, ಅದು ಕಾಯಂ ಉಗ್ರಾಣ. 64 ಜಿಬಿಯ ಟ್ಯಾಬಿನಲ್ಲಿ ಕಾಲು ಭಾಗದಷ್ಟನ್ನು ಯಂತ್ರದ ತಂತ್ರಾಂಶವೇ ಬಳಸಿಕೊಂಡಿರುತ್ತದೆ. ನೆಟ್‌ವರ್ಕ್ ಗಟ್ಟಿಯಿಲ್ಲದ ಊರುಗಳಲ್ಲಿ ಪಾಠಗಳನ್ನು ಇಳಿಸಿಕೊಂಡು ನೋಡುವುದು ರೂಢಿ. ಸ್ಪಷ್ಟವಾಗಿ ಕಾಣುವ ಒಂದು ಗಂಟೆಯ ವಿಡಿಯೊ ಹೆಚ್ಚುಕಡಿಮೆ ಒಂದು ಜಿಬಿ ತಿನ್ನುತ್ತದೆ. ಆದ್ದರಿಂದ ವಿದ್ಯಾರ್ಥಿಗಳಿಗೆ 128 ಜಿಬಿ ಸರಿ. ಮೆಮೊರಿ ಕಾರ್ಡ್ ಹಾಕುವ ಸೌಲಭ್ಯ ಅನೇಕ ಆಂಡ್ರಾಯ್ಡ್ ಟ್ಯಾಬುಗಳಲ್ಲಿದೆ, ಐಪ್ಯಾಡ್‌ನಲ್ಲಿ ಇಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘ ತನ್ನ ಪುಸ್ತಕಗಳ ಪಿಡಿಎಫ್‌ಗಳನ್ನು ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದೆ; ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ 'ದೀಕ್ಷಾ' ವೇದಿಕೆಯಲ್ಲಿ ಪಠ್ಯಪುಸ್ತಕದ ಕ್ಯುಆರ್ ಸಂಕೇತ ಹಿಡಿದು ಪಾಠದ ವಿಡಿಯೊ ತೆರೆಯಬಹುದು. ದುಡ್ಡು ಕೊಟ್ಟು ಕೋಚಿಂಗ್ ಆಪ್‌ಗೆ ಸೇರುವ ಮೊದಲು ಪಾಲಕರು ಇವನ್ನು ಒಮ್ಮೆ ನೋಡುವುದು ಒಳಿತು.

ಅಂತರ್ಜಾಲಕ್ಕೆ ಜೋಡಿಸುವ ಬಗೆಯಲ್ಲಿ ಟ್ಯಾಬುಗಳು ಎರಡು ತರಹ. ವೈಫೈ ಮಾತ್ರ ಇರುವವು, ಸಿಮ್ ಹಾಕುವಂಥವು. ಸಿಮ್ ಇರುವುದಕ್ಕೆ ಕೆಲವು ಸಾವಿರ ಹೆಚ್ಚು. ಮನೆಯಲ್ಲಿ ಫೈಬರ್ ಸಂಪರ್ಕ ಇದ್ದರೆ ಅಥವಾ ಮೊಬೈಲಿನ ಹಾಟ್‌ಸ್ಪಾಟ್ ಸಾಕೆನಿಸಿದರೆ ವೈಫೈ ಟ್ಯಾಬ್ ಉಳಿತಾಯ. ಅದರಲ್ಲೊಂದು ತೊಡಕಿದೆ. ಮೊಬೈಲು ಅಪ್ಪನ ಜೇಬಿನಲ್ಲಿ ಹೊಲಕ್ಕೆ ಹೋದರೆ ಮಗಳ ಪಾಠವೂ ಅದರ ಹಿಂದೆಯೇ ಹೋಗುತ್ತದೆ. ಮನೆಯಲ್ಲಿ ಒಂದೇ ಸ್ಮಾರ್ಟ್‌ಫೋನ್ ಇದ್ದರೆ ಸಿಮ್ ಇರುವ ಟ್ಯಾಬೇ ಸರಿ. ಯಾವ ಕಂಪನಿಯ ಸಿಮ್ ಎಂಬುದನ್ನು ಊರಿನ ಬೀದಿಯಲ್ಲಲ್ಲ, ಓದುವ ಕೋಣೆಯೊಳಗೆ ಬರುವ ಸಿಗ್ನಲ್ ನೋಡಿ ತೀರ್ಮಾನಿಸಬೇಕು.

ರೈತರಿಗೆ ಇನ್ನೊಂದು ವಿಷಯ ಗೊತ್ತಿರಬೇಕು. ರಾಜ್ಯದಲ್ಲಿ 2020ರ ಮುಂಗಾರಿನಿಂದ ರೈತರೇ ಆಪ್ ಮೂಲಕ ತಮ್ಮ ಬೆಳೆಯ ವಿವರ ದಾಖಲಿಸುವ ವ್ಯವಸ್ಥೆ ಬಂದಿದೆ. ಸರ್ವೆ ನಂಬರಿನ ಗಡಿಯೊಳಗೆ ನಿಂತು ಬೆಳೆಯ ಫೋಟೊ ತೆಗೆಯಬೇಕು. ನಿಂತ ಜಾಗ ಯಾವುದೆಂದು ಯಂತ್ರ ಜಿಪಿಎಸ್ ಮೂಲಕ ಗುರುತಿಸುತ್ತದೆ. ವೈಫೈ ಮಾತ್ರ ಇರುವ ಐಪ್ಯಾಡ್‌ಗಳಲ್ಲಿ ಜಿಪಿಎಸ್ ಇರುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಕೆಲವಕ್ಕೆ ಇರುತ್ತದೆ, ಕೆಲವಕ್ಕೆ ಇಲ್ಲ. ಬೆಳೆ ಪರಿಹಾರ, ವಿಮೆ, ಬೆಂಬಲ ಬೆಲೆಯ ಖರೀದಿ ಇವೆಲ್ಲ ಈ ದಾಖಲೆಯನ್ನು ಅವಲಂಬಿಸಿರುವುದರಿಂದ ಹೊಲಕ್ಕೆ ಒಯ್ಯುವ ಟ್ಯಾಬಿನಲ್ಲಿ ಜಿಪಿಎಸ್ ಮತ್ತು ಹಿಂದಿನ ಕ್ಯಾಮೆರಾ ಎರಡೂ ಬೇಕು. ಮನೆಯೊಳಗೇ ಉಳಿಯುವ ಟ್ಯಾಬಿಗೆ ಹಿಂದಿನ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ತಲೆಕೆಡಿಸಿಕೊಳ್ಳಬೇಕಿಲ್ಲ. ಆನ್‌ಲೈನ್ ತರಗತಿಗೆ ಮುಂದಿನ ಕ್ಯಾಮೆರಾ ನೆಟ್ಟಗಿದ್ದರೆ ಆಯಿತು.

ಬ್ಯಾಟರಿ, ಕರೆಂಟು, ಬಿಸಿಲು ಒಂದಕ್ಕೊಂದು ಅಂಟಿಕೊಂಡ ಸಂಗತಿಗಳು. ಗೋಕಾಕ, ಮೂಡಲಗಿ ತಾಲ್ಲೂಕುಗಳಿಗೆ ವಿದ್ಯುತ್ ಬರುವುದು ಹೆಸ್ಕಾಂನಿಂದ. ಹುಕ್ಕೇರಿಯಲ್ಲಿ 1969ರಿಂದಲೂ ಅಲ್ಲಿಯದೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವಿದೆ. ಪೂರೈಕೆ ಯಾರದ್ದೇ ಇರಲಿ, ಮಳೆಗಾಳಿಗೆ ಕರೆಂಟು ಹೋದರೆ ಪರೀಕ್ಷೆಯ ಹಿಂದಿನ ರಾತ್ರಿ ಕೈಹಿಡಿಯಬೇಕಾದದ್ದು ಟ್ಯಾಬಿನ ಬ್ಯಾಟರಿ. ಹತ್ತಿಂಚಿನ ಟ್ಯಾಬಿಗೆ 7,000 ಎಂಎಎಚ್ ಅಥವಾ ಅದಕ್ಕಿಂತ ಹೆಚ್ಚಿನದು ಇರಲಿ. ಅಷ್ಟು ದೊಡ್ಡ ಬ್ಯಾಟರಿ 10 ವಾಟ್ ಚಾರ್ಜರಿನಲ್ಲಿ ತುಂಬಲು ಮೂರು ಗಂಟೆ ಮೀರುತ್ತದೆ. ಕೆಲವು ಡಬ್ಬಿಗಳಲ್ಲಿ ನಿಧಾನದ ಚಾರ್ಜರ್ ಇಟ್ಟಿರುತ್ತಾರೆ, ಕೆಲವುದರಲ್ಲಿ ಚಾರ್ಜರೇ ಇರುವುದಿಲ್ಲ, ಕೇಳಿ ತಿಳಿಯಬೇಕು. 10,000 ಎಂಎಎಚ್‌ನ ಪವರ್‌ಬ್ಯಾಂಕ್ ಇಂಥ ಟ್ಯಾಬನ್ನು ಸುಮಾರು ಒಂದು ಸಲ ತುಂಬಿಸುತ್ತದೆ.

ಲಿಥಿಯಂ ಬ್ಯಾಟರಿಯ ನಿಜವಾದ ಶತ್ರು ಸೆಕೆ. ಐಪ್ಯಾಡನ್ನು 35 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಸೆಕೆಯಲ್ಲಿ ಬಳಸಬಾರದೆಂದು ಆಪಲ್ ಹೇಳುತ್ತದೆ. ಉಳಿದ ಕಂಪನಿಗಳ ಮಾತೂ ಹೆಚ್ಚು ಬೇರೆಯಿಲ್ಲ. ಈ ಸೀಮೆಯ ಬೇಸಿಗೆ ಆ ಗೆರೆಯನ್ನು ಸಲೀಸಾಗಿ ದಾಟುತ್ತದೆ. ತಗಡಿನ ಮಾಡಿನ ಕೋಣೆಯಲ್ಲಿ, ಹಾಸಿಗೆಯ ಮೇಲೆ ಇಟ್ಟು ಚಾರ್ಜ್ ಮಾಡುತ್ತ ವಿಡಿಯೊ ನೋಡಿದರೆ ಎರಡೇ ವರ್ಷದಲ್ಲಿ ಬ್ಯಾಟರಿ ಸೊರಗಬಹುದು. ಮಧ್ಯಾಹ್ನ ಬಿಟ್ಟು ಬೆಳಿಗ್ಗೆ ಚಾರ್ಜ್ ಮಾಡುವುದು, ಟ್ರ್ಯಾಕ್ಟರಿನ ಅಥವಾ ಕಾರಿನ ಗಾಜಿನ ಹಿಂದೆ ಬಿಡದಿರುವುದು, ಇಷ್ಟರಿಂದಲೇ ಬ್ಯಾಟರಿಯ ಆಯುಸ್ಸು ಬೆಳೆಯುತ್ತದೆ. ಟ್ಯಾಬಿನ ಬ್ಯಾಟರಿ ಒಳಗೆ ಅಂಟಿಸಿದ್ದು, ಬದಲಿಸುವುದು ಸುಲಭವಲ್ಲ, ಅಗ್ಗವೂ ಅಲ್ಲ.

ಸ್ಟೈಲಸ್, ಅಂದರೆ ಬರೆಯುವ ಪೆನ್ನು, ಎಲ್ಲರಿಗೂ ಬೇಕಾದದ್ದಲ್ಲ. ಗಣಿತ, ಭೌತಶಾಸ್ತ್ರದ ಲೆಕ್ಕ ಬಿಡಿಸುವವರು, ಪಿಡಿಎಫ್ ಮೇಲೆ ಟಿಪ್ಪಣಿ ಬರೆಯುವ ಸ್ಪರ್ಧಾರ್ಥಿಗಳು, ಚಿತ್ರ ಬರೆಯುವ ಮಕ್ಕಳಿಗೆ ಅದರಿಂದ ಲಾಭವಿದೆ. ನೂರಿನ್ನೂರು ರೂಪಾಯಿಗೆ ಸಿಗುವ ರಬ್ಬರ್ ತುದಿಯ ಕಡ್ಡಿ ಬೆರಳಿನ ಕೆಲಸವನ್ನಷ್ಟೇ ಮಾಡುತ್ತದೆ. ಅಂಗೈ ಪರದೆಗೆ ತಾಗಿದರೆ ಅಲ್ಲೂ ಗೆರೆ ಮೂಡುತ್ತದೆ. ಅಂಗೈಯನ್ನು ಬಿಟ್ಟು ಪೆನ್ನನ್ನು ಮಾತ್ರ ಗುರುತಿಸುವ ಸೌಲಭ್ಯ ಟ್ಯಾಬಿನಲ್ಲೇ ಇರಬೇಕು, ಅದಕ್ಕೆ ಹೊಂದುವ ಪೆನ್ನೂ ಬೇಕು. ಕೆಲವು ಮಾದರಿಗಳ ಜೊತೆ ಪೆನ್ನು ಬರುತ್ತದೆ, ಐಪ್ಯಾಡ್‌ನದನ್ನು ಬೇರೆಯಾಗಿ ಕೊಳ್ಳಬೇಕು.

ಹಿರಿಯರಿಗಾಗಿ ಕೊಳ್ಳುವಾಗ ತೂಕ ನೋಡಬೇಕು. ಹತ್ತಿಂಚಿನ ಟ್ಯಾಬ್ ಅರ್ಧ ಕಿಲೋ ಹತ್ತಿರ ತೂಗುತ್ತದೆ. ಕೈಯಲ್ಲಿ ಹಿಡಿದು ಪ್ರವಚನ ಕೇಳುತ್ತ ಕುಳಿತರೆ ಮಣಿಕಟ್ಟು ನೋಯುತ್ತದೆ. ಹಿಂದೆ ಮಡಚಿ ನಿಲ್ಲಿಸುವ ಕವರ್ ಇದ್ದರೆ ಆ ಕಷ್ಟವಿಲ್ಲ. ಸ್ಪೀಕರ್ ಎರಡು ಬದಿಗೂ ಇರಲಿ. ಇಡೀ ಯಂತ್ರದ ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ಅಕ್ಷರ ದೊಡ್ಡದು ಮಾಡಿ, ಬೇಡದ ಆಪ್‌ಗಳನ್ನು ತೆಗೆದು ಕೊಟ್ಟರೆ ಎಪ್ಪತ್ತು ದಾಟಿದವರೂ ಬೇಗ ರೂಢಿಸಿಕೊಳ್ಳುತ್ತಾರೆ. ಸಿಂಪ್ಯೂಟರ್ ಅಂದು ಮಾಡಿದ ಓದಿ ಹೇಳುವ ಕೆಲಸ ಈಗ ಆಂಡ್ರಾಯ್ಡ್‌ನಲ್ಲೇ ಸಿಗುತ್ತದೆ. 'ಟಾಕ್‌ಬ್ಯಾಕ್' ಮತ್ತು ಗೂಗಲ್‌ನ ಕನ್ನಡ ಧ್ವನಿ ಕಣ್ಣು ಕಾಣದವರಿಗೂ ನೆರವಾಗುತ್ತವೆ.

ಎಳೆಯ ಮಕ್ಕಳಿಗೆ ಟ್ಯಾಬ್ ಬೇಕೇ ಎಂಬುದು ಆಯ್ಕೆಯ ಪ್ರಶ್ನೆಗಿಂತ ಮೊದಲಿನ ಪ್ರಶ್ನೆ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಊಟ ಮಾಡಿಸಲು ಪರದೆ ಹಿಡಿಯುವ ರೂಢಿ ಊರುಗಳಿಗೂ ಬಂದಿರುವಾಗ ಈ ಮಾತನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ಶಾಲೆಗೆ ಹೋಗುವ ಮಕ್ಕಳ ಟ್ಯಾಬಿನಲ್ಲಿ ಆಂಡ್ರಾಯ್ಡ್‌ನ 'ಫ್ಯಾಮಿಲಿ ಲಿಂಕ್' ಅಥವಾ ಐಪ್ಯಾಡ್‌ನ 'ಸ್ಕ್ರೀನ್ ಟೈಮ್' ಮೂಲಕ ಹೊತ್ತು ಮತ್ತು ಆಪ್‌ಗಳಿಗೆ ಮಿತಿ ಹಾಕಬಹುದು. ಕೊಂಡ ದಿನವೇ ಹಾಕುವುದು ಸುಲಭ, ಚಟ ಹತ್ತಿದ ಮೇಲೆ ಕಷ್ಟ.

ಇವೆಲ್ಲವನ್ನೂ ಹಣಕ್ಕೆ ಹೊಂದಿಸಿದರೆ ಹೀಗಾಗುತ್ತದೆ. ಹತ್ತು ಹನ್ನೆರಡು ಸಾವಿರದೊಳಗಿನ ಎಂಟೂವರೆ ಇಂಚಿನ ಟ್ಯಾಬುಗಳು ಹಾಡು, ವಿಡಿಯೊ ಕರೆ, ಪ್ರವಚನಕ್ಕೆ ಸಾಕು. ಕನ್ನಡ ಪಿಡಿಎಫ್ ಓದಿಗೆ ಸಾಲವು. ಹದಿನೈದರಿಂದ ಇಪ್ಪತ್ತೈದು ಸಾವಿರದ ನಡುವೆ ಹನ್ನೊಂದಿಂಚಿನ ಸ್ಪಷ್ಟ ಪರದೆ, 6 ಜಿಬಿ ರ‍್ಯಾಮ್, 128 ಜಿಬಿ ಸ್ಟೋರೇಜ್ ಇರುವ ಹೆಸರಾಂತ ಕಂಪನಿಗಳ ಟ್ಯಾಬುಗಳು ಸಿಗುತ್ತವೆ. ಓದುವ ಮಕ್ಕಳಿರುವ ಮನೆಗೆ ಇವೇ ತಕ್ಕವು. ಐದಾರು ವರ್ಷ ಒಂದೇ ಯಂತ್ರ ಬಳಸುವವರಿಗೆ, ಪೆನ್ನಿನಲ್ಲಿ ಬರೆಯುವವರಿಗೆ ಅದಕ್ಕೂ ಮೇಲಿನವು. ಎಂಟು ಸಾವಿರಕ್ಕೆ 'ಎಲ್ಲವೂ ಇದೆ' ಎಂದು ಮಾರುವ ಅನಾಮಧೇಯ ಟ್ಯಾಬು ಯಾರಿಗೂ ಬೇಡ.

ಕೊಳ್ಳುವ ದಿನ ಗೋಕಾಕದ ಅಂಗಡಿಯಲ್ಲಾಗಲಿ ಆನ್‌ಲೈನಿನಲ್ಲಾಗಲಿ ಕೆಲವನ್ನು ಮರೆಯಬಾರದು. ಭಾರತದಲ್ಲಿ ಮಾರುವ ಟ್ಯಾಬಿಗೆ ಭಾರತೀಯ ಮಾನಕ ಬ್ಯೂರೊದ ನೋಂದಣಿ ಗುರುತು ಕಡ್ಡಾಯ. 'ಆರ್' ಅಕ್ಷರದಿಂದ ಶುರುವಾಗುವ ಸಂಖ್ಯೆ ಅದರ ಜೊತೆಗಿರುತ್ತದೆ. ಜಿಎಸ್‌ಟಿ ಬಿಲ್ಲಿನಲ್ಲಿ ಮಾದರಿಯ ಹೆಸರು ಮತ್ತು ಕ್ರಮಸಂಖ್ಯೆ ಬರೆಸಬೇಕು. ಬಿಲ್ಲಿಲ್ಲದಿದ್ದರೆ ಐನೂರು ಸಾವಿರ ಕಡಿಮೆ ಎಂಬ ಮಾತಿಗೆ ಒಪ್ಪಿದರೆ ವಾರಂಟಿ ಕೇಳುವ ದಾರಿಯೇ ಮುಚ್ಚಿದಂತೆ. ಆ ಕಂಪನಿಯ ಸರ್ವಿಸ್ ಸೆಂಟರ್ ಬೆಳಗಾವಿಯಲ್ಲಿ ಇದೆಯೇ, ಗಾಜು ಒಡೆದರೆ ಪರದೆ ಬದಲಿಸಲು ಎಷ್ಟಾಗುತ್ತದೆ ಎಂದು ಮೊದಲೇ ವಿಚಾರಿಸಬೇಕು. ಅಗ್ಗದ ಟ್ಯಾಬಿಗೆ ಕೆಲವೊಮ್ಮೆ ಪರದೆಯೇ ಯಂತ್ರದ ಅರ್ಧ ಬೆಲೆ ಕೇಳುತ್ತದೆ. ದೋಷವಿರುವ ಯಂತ್ರ ಕೊಟ್ಟು ಅಂಗಡಿಯವರು ಕೈಚೆಲ್ಲಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿಯೂ ಬಗೆಹರಿಯದಿದ್ದರೆ ಬೆಳಗಾವಿಯ ಜಿಲ್ಲಾ ಗ್ರಾಹಕ ಆಯೋಗವಿದೆ.

ಬಳಸಿದ ಟ್ಯಾಬ್ ಕೊಳ್ಳುವುದೂ ತಪ್ಪಲ್ಲ. ಒಳ್ಳೆಯ ಕಂಪನಿಯ ಎರಡು ವರ್ಷ ಹಳೆಯ ಯಂತ್ರ ಅದೇ ಬೆಲೆಯ ಹೊಸ ಅಗ್ಗದ ಟ್ಯಾಬಿಗಿಂತ ಎಷ್ಟೋ ಸಲ ಮೇಲು. ಆದರೆ ಹಳೆಯ ಮಾಲೀಕರ ಗೂಗಲ್ ಅಥವಾ ಆಪಲ್ ಖಾತೆ ತೆಗೆಸಿರಬೇಕು, ಇಲ್ಲದಿದ್ದರೆ ಅದು ತೆರೆಯುವುದೇ ಇಲ್ಲ. ಸಿಮ್ ಹಾಕುವ ಟ್ಯಾಬಾದರೆ ಅದರ ಹದಿನೈದು ಅಂಕಿಯ ಐಎಂಇಐ ಸಂಖ್ಯೆಯನ್ನು ಸೆಟ್ಟಿಂಗ್ಸ್‌ನಲ್ಲಿ ಹುಡುಕಿ, ಇಂಗ್ಲಿಷಿನಲ್ಲಿ 'ಕೆವೈಎಂ' ಎಂದು ಬರೆದು ಜಾಗ ಬಿಟ್ಟು ಆ ಸಂಖ್ಯೆ ಸೇರಿಸಿ 14422ಕ್ಕೆ ಎಸ್ಸೆಮ್ಮೆಸ್ ಕಳಿಸಬೇಕು. ಕಳವಾಯಿತೆಂದು ತಡೆಹಿಡಿದ ಯಂತ್ರವೋ ಅಲ್ಲವೋ ಎಂಬುದು ದುಡ್ಡು ಎಣಿಸುವ ಮೊದಲೇ ತಿಳಿಯುತ್ತದೆ.